ಎಡಗೈ ಸಾರಿಸಿದ ನಡುಮನೆ

ನಾನು ಎಡಚಿ. ಚನ್ನರಾಯನದುರ್ಗದ ಕಡೆಯಿಂದ ಬಡವನಹಳ್ಳಿ ಹತ್ತಿರದ ಊರಿಗೆ ಮದುವೆಯಾಗಿ ಬರುವವರೆಗೂ ಅದೊಂದು ದೊಡ್ಡ ವಿಷಯ ಅಂತ ನನಗೆ ಗೊತ್ತಿರಲಿಲ್ಲ. ಎಪ್ಪತ್ತರ ದಶಕದ ಮಾತು. ಎಲ್ಲರ ಮನೆಯದೂ ಮಣ್ಣಿನ ನೆಲ, ಸಗಣಿ ಹಾಕಿ ಸಾರಿಸಬೇಕು. ನಮ್ಮತ್ತೆ ರೇಡಿಯೋದ ಹಳೇ ಶೆಲ್ಲು ಒಡೆದು ಅದರ ಕರಿಯನ್ನು ಸಗಣಿಗೆ ಕಲಸುತ್ತಿದ್ದಳು. ಒಣಗಿದರೆ ನೆಲ ಕರಿಕಲ್ಲಿನ ಹಾಗೆ ಕಾಣುತ್ತಿತ್ತು. ಅದರ ಮೇಲೆ ಕೈ ಎಳೆದ ಗೆರೆಗಳು ಅರ್ಧಚಂದ್ರದ ಹಾಗೆ ಬಾಗಿ, ಹೆಂಚು ಹೊದಿಸಿದಂತೆ ಒಂದರ ಪಕ್ಕ ಒಂದು, ಗೋಡೆಯಿಂದ ಗೋಡೆಗೆ ಒಂದೇ ಸಮನೆ ಬರಬೇಕು. ಎಲ್ಲಿ ಶುರುವಾಯಿತು, ಎಲ್ಲಿ ಕೂಡಿತು ಅಂತ ಕಾಣಬಾರದು.

ಬಂದ ಹೊಸದರಲ್ಲಿ ಅತ್ತೆ ಒಂದು ಕಡೆಯಿಂದ, ನಾನು ಇನ್ನೊಂದು ಕಡೆಯಿಂದ ನಡುಮನೆ ಸಾರಿಸಿಕೊಂಡು ಬಂದೆವು. ಅವಳ ಗೆರೆ ಒಂದು ಕಡೆಗೆ ವಾಲಿತ್ತು, ನನ್ನದು ಇನ್ನೊಂದು ಕಡೆಗೆ. ಒಣಗಿದ ಮೇಲೆ ಮಧ್ಯದಲ್ಲಿ ಹಾವು ಮಲಗಿದ ಹಾಗೆ ಸಂದು ಎದ್ದು ಕಂಡಿತು.

"ಇದೇನೇ, ಎರಡು ಮನೆ ತಂದು ಹೊಲ್ದಂಗದೆ! ಇನ್ಮ್ಯಾಕೆ ನಡುಮನೆ ಮುಟ್ಬ್ಯಾಡ. ಹೋಗಿ ಕೊಟ್ಟಿಗೆ ಸಾರಿಸೋಗು" ಅಂದಳು ಅತ್ತೆ.

ಎರಡು ವರ್ಷ ಕೊಟ್ಟಿಗೆಯನ್ನೇ ಸಾರಿಸಿದೆ. ಎಮ್ಮೆಗಳು ತಪ್ಪು ಹುಡುಕಲಿಲ್ಲ. ಬಲಗೈ ರೂಢಿ ಮಾಡಿ ನೋಡಿದೆ, ಕೋಳಿ ಕೆದರಿದ ಹಾಗಾಯಿತು. ನಡುಮನೆ ಸಾರಿಸದ ಸೊಸೆ ಆ ಮನೆಯಲ್ಲಿ ಕೂಲಿಯವಳೇ. ನನಗೆ ನಡುಮನೆ ಬೇಕಿತ್ತು.

ಒಂದು ದಿನ ನಾದಿನಿಯನ್ನು ನೋಡಲು ಸಿರಾದಿಂದ ಗಂಡಿನ ಕಡೆಯವರು ಮಧ್ಯಾಹ್ನದ ಬಸ್ಸಿಗೆ ಬರುವವರಿದ್ದರು. ಬೆಳಿಗ್ಗೆ ಬಾವಿಯಲ್ಲಿ ಕೊಡ ಎಳೆಯುವಾಗ ಅತ್ತೆಯ ಬಲಗೈ ಮಣಿಕಟ್ಟು ಉಳುಕಿತು. ನಡುಮನೆ ಇನ್ನೂ ಸಾರಿಸಿರಲಿಲ್ಲ.

"ನೀನೂ ಎಡಗೈಲೇ ಸಾರಿಸ್ಬುಡವ್ವ" ಅಂತ ನಾದಿನಿ ನಕ್ಕಳು.

"ನಿನ್ ಬಾಯಿಗೇ ಬಳೀತೀನಿ ನೋಡು" ಅಂದ ಅತ್ತೆ ನನ್ನ ಕಡೆ ತಿರುಗಿದಳು. "ಲೇ, ಇವತ್ತು ನೀನೇ ಸಾರಿಸು. ಬಲಗೈಲಿ, ತಿಳೀತಾ?"

"ಎಡಗೈಲಾದ್ರೆ ಸಾರಿಸ್ತೀನಿ. ಬ್ಯಾಡ ಅಂದ್ರೆ ನಿಮ್ಮ ಮಗಳ ಕೈಲೇ ಸಾರಿಸ್ಕಳಿ ಅತ್ತೆಮ್ಮ. ಬಂದೋರು ಅವಳನ್ನ ಸಗಣೀಲೇ ನೋಡ್ಕಂಡು ಹೋಗ್ಲಿ."

ಅತ್ತೆ ಬಕೆಟ್ಟನ್ನು ಕಾಲಲ್ಲಿ ನನ್ನ ಕಡೆ ತಳ್ಳಿದಳು.

ಇಡೀ ನಡುಮನೆ ಒಬ್ಬಳೇ ಸಾರಿಸಿದೆ. ಒಂದು ಕಡೆ ಒಣಗುವುದರೊಳಗೆ ಇನ್ನೊಂದು ಕಡೆ ಮುಗಿಯಬೇಕು, ಇಲ್ಲದಿದ್ದರೆ ಅಲ್ಲೂ ಸಂದು ಬೀಳುತ್ತದೆ. ಬೆನ್ನು ನೆಟ್ಟಗೆ ಮಾಡದೆ ಹಿಂದಕ್ಕೆ ಸರಿಯುತ್ತ ಬಾಗಿಲಿಗೆ ಬಂದೆ. ಕೈ ಒಂದೇ, ವಾಲಿಕೆ ಒಂದೇ.

ಒಣಗಿದ ಮೇಲೆ ಅತ್ತೆ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಬಂದು ಬಗ್ಗಿ, ಮೂಲೆಯಿಂದ ಮೂಲೆಗೆ ಸಂದು ಹುಡುಕಿದಳು. ಸಿಗಲಿಲ್ಲ.

"ಹೂಂ. ಬಂದೋರಿಗೆ ನೀರು ಮಾತ್ರ ಬಲಗೈಲಿ ಕೊಡು" ಅಂದಳು.

ಕೊಟ್ಟೆ. ಆ ಸಂಬಂಧ ಕುದುರಲಿಲ್ಲ. ಗಂಡಿಗೆ ಜಂಬ ಜಾಸ್ತಿ ಅಂತ ನಾದಿನಿಯೇ ಬೇಡ ಅಂದಳು, ಒಳ್ಳೆಯದೇ ಆಯಿತು.

ಮುಂದಿನ ಹಬ್ಬದ ಹೊತ್ತಿಗೆ ಅತ್ತೆಯ ಕೈ ವಾಸಿಯಾಗಿತ್ತು. ಮತ್ತೆ ಕೊಟ್ಟಿಗೆಯೇ ಗತಿ ಅಂದುಕೊಂಡಿದ್ದೆ. ಅವಳು ಎರಡು ಬಕೆಟ್ಟಿನಲ್ಲಿ ಸಗಣಿ ಕಲಸಿ ಒಂದನ್ನು ನನ್ನ ಮುಂದೆ ಇಟ್ಟಳು.

"ಅಡುಗೆಮನೆ ನಂದು. ಆ ಹೊಸ್ಲಿಂದಾಚೆ ಎಲ್ಲಾ ನಿಂದು ಕಣೇ."

ಸಂದು ಹೊಸ್ತಿಲಿನಲ್ಲಿ ಬಿದ್ದರೆ ಯಾರಿಗೆ ಕಾಣುತ್ತದೆ? ನಾನು ಸೆರಗು ಸಿಕ್ಕಿಸಿಕೊಂಡು ನಡುಮನೆಯ ಗೋಡೆ ಬುಡದಲ್ಲಿ ಕೂತು ಶುರು ಮಾಡಿದೆ.