ಅಪ್ಪ ಹಾಕಿದ ಲ್ಯಾನ್ ಕೇಬಲ್ ಜಾಯಿಂಟು

ಗೆಳೆಯರೇ, ಲ್ಯಾನ್ ಕೇಬಲ್ಲಿಗೂ ಬೋರ್‌ವೆಲ್ಲಿಗೂ ಏನು ಸಂಬಂಧ ಅಂತ ಇವತ್ತು ನಮ್ಮ ಮನೆಯಲ್ಲಿ ಗೊತ್ತಾಯಿತು.

ಕೆಳಗಿನ ಕಂಪ್ಯೂಟರಿನಲ್ಲಿದ್ದ ತಂಗಿಯ ಮದುವೆ ವಿಡಿಯೋ ಮಹಡಿಯ ಟಿವಿಯಲ್ಲಿ ಓಡುತ್ತಲೇ ಇರಲಿಲ್ಲ. ಮದುವೆ ಗಂಡು ತಾಳಿ ಹಿಡಿದು ಹಾಗೇ ನಿಂತುಬಿಡುತ್ತಿದ್ದ. ಸಂಜೆ ಅದನ್ನು ನೋಡಲೆಂದೇ ಉಡಿಗಾಲದಿಂದ ಸೋದರಮಾವ ಬರುವವರಿದ್ದರು. ಎರಡನ್ನೂ ಜೋಡಿಸುವ ಲ್ಯಾನ್ ಕೇಬಲ್ ಹಿಡಿದು ಹುಡುಕುತ್ತಾ ಹೋದರೆ ಮೆಟ್ಟಿಲ ಕೆಳಗೆ ಟೇಪು ಸುತ್ತಿದ ಗಂಟು. ಬಿಚ್ಚಿದೆ. ಎಂಟು ವೈರಿನಲ್ಲಿ ನಾಲ್ಕನ್ನು ಮಾತ್ರ ತಿರುಚಿ ಸೇರಿಸಿತ್ತು.

"ಇಲಿ ಕಡ್ದಿತ್ತು, ನಾನೇ ಜಾಯಿಂಟ್ ಮಾಡ್ಬುಟ್ಟೆ ಕಣ್ಲಾ," ಅಂದರು ಅಪ್ಪ.

"ಮಿಕ್ಕಿದ್ ನಾಕು?"

"ಬೋರ್‌ವೆಲ್ ಮೋಟ್ರೇ ಮೂರು ವೈರಲ್ಲಿ ಓಡ್ತದೆ. ಇದ್ಕೆ ಒಂದು ಜಾಸ್ತೀನೇ ಕೊಟ್ಟಿವ್ನಿ."

ಗುಂಡ್ಲುಪೇಟೆಗೆ ಹೋಗಿ ಹೊಸ ಕೇಬಲ್ ತಂದು ಎಳೆದೆ. ಸಂಜೆ ತಾಳಿ, ಅಕ್ಷತೆ, ಊಟದ ಪಂಕ್ತಿ ಎಲ್ಲವೂ ಒಂದೇ ಓಟದಲ್ಲಿ ಮುಗಿದವು.

"ಇಷ್ಟು ಚೆಂದಾಗಿ ಬತ್ತಾದಲ್ಲ ಭಾವ, ಏನ್ ಮಾಡ್ಸುದ್ರಿ?" ಎಂದು ಮಾವ ಕೇಳಿದರು.

ಅಪ್ಪ ಕಾಲ ಮೇಲೆ ಕಾಲು ಹಾಕಿಕೊಂಡರು. "ಎಂಟು ವೈರೂ ಸೇರ್ಬೇಕು ಕಣಪ್ಪ. ಗೊತ್ತಿಲ್ದೋರು ನಾಕ್ರಲ್ಲೇ ಮುಗಿಸ್ಬುಡ್ತಾರೆ."

ಆ ಗೊತ್ತಿಲ್ಲದವನು ನಾನೇ ಅಂದುಕೊಂಡ ಮಾವ, ಪಾಪ ಎನ್ನುವಂತೆ ನನ್ನ ಕಡೆ ನೋಡಿದರು.