ಹೊರಸಿನ ಕೆಳಗಿನ ಹ್ಯಾಂಡಲ್

ಚಾಚಾ ಅವರ ಬಲಗಾಲಿನ ಹೆಬ್ಬೆರಳು ಸದಾ ಕರ್ರಗಿರುತ್ತಿತ್ತು. ದಿನಕ್ಕೈದು ಸಲ ನಮಾಜಿಗೆಂದು ಕಾಲು ತೊಳೆಯುವ ಮನುಷ್ಯ ಅವರು. ಹಿಮ್ಮಡಿ, ಪಾದ, ಉಳಿದ ಬೆರಳು ಎಲ್ಲ ಸ್ವಚ್ಛ. ಆ ಒಂದು ಹೆಬ್ಬೆರಳಿಗೆ ಹತ್ತಿದ ಗ್ರೀಸು ಮಾತ್ರ ಯಾವ ನೀರಿಗೂ ಬಗ್ಗುತ್ತಿರಲಿಲ್ಲ. ಹಗ್ಗ ಹೆಣೆದ ಹೊರಸಿನ ಮೇಲೆ ಕೂತು, ಕಾಲು ಇಳಿಬಿಟ್ಟು, ಹೊರಸಿನಡಿ ಸಾಲಾಗಿ ಮಲಗಿಸಿದ್ದ ಲಾರಿ ಹ್ಯಾಂಡಲುಗಳನ್ನು ಅವರು ಅದೇ ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಮಾತು ಒಬ್ಬರ ಜೊತೆ, ಕಣ್ಣು ರಸ್ತೆಯ ಮೇಲೆ, ಕಾಲು ಹ್ಯಾಂಡಲಿನ ಮೇಲೆ.

ಇಂಡಿ ಪೇಟೆಯಲ್ಲಿ ರೈತರ ಮಾಲು ಮಾರಿಸಿಕೊಡುವ ಅಡತಿ ಅಂಗಡಿಗಳ ಎದುರಿಗೆ ಒಂದು ಬೇವಿನ ಮರ, ಅದರ ಕೆಳಗೆ ಅವರ ಹೊರಸು. ಅವರು ಲಾರಿಗಳ ದಲ್ಲಾಳಿ. ಮಾಲು ಇದ್ದವರು ಬಂದು ಅವರನ್ನು ಗಾಡಿ ಕೇಳುತ್ತಿದ್ದರು, ಗಾಡಿ ಇದ್ದ ನಾವು ಹೋಗಿ ಮಾಲು ಕೇಳುತ್ತಿದ್ದೆವು. ಎರಡೂ ಕಡೆಯವರಿಗೆ ಅವರು ಕೊಡುತ್ತಿದ್ದ ಮೊದಲ ಉತ್ತರ ಒಂದೇ: "ನೋಡೂಣು." ಅದರಲ್ಲಿ ಹೌದು ಎಷ್ಟು, ಇಲ್ಲ ಎಷ್ಟು ಎಂಬುದು ನನಗೆ ಕೊನೆಯವರೆಗೂ ತಲೆಗೆ ಹತ್ತಲಿಲ್ಲ. ಹಾಗೆ ನೋಡಿದರೆ ಚಾಚಾ ಅವರ ವಿಷಯದಲ್ಲಿ ನನಗೆ ಹತ್ತಿದ್ದು ಕಡಿಮೆ, ಹತ್ತದೆ ಉಳಿದದ್ದೇ ಹೆಚ್ಚು.

ಹ್ಯಾಂಡಲಿನ ವಿಷಯ ಹೇಳಬೇಕು. ಆಗ ನಮ್ಮ ಕಡೆ ಓಡುತ್ತಿದ್ದ ಲಾರಿಗಳು ಹೆಚ್ಚಾಗಿ ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದ ಮಿಲಿಟರಿ ಗಾಡಿಗಳು, ಎಲ್ಲ ಒಂದೇ ಅಚ್ಚಿನವು. ಬ್ಯಾಟರಿ ಇದ್ದರೂ ಇಲ್ಲದ ಲೆಕ್ಕ. ಗಾಡಿಯ ಮುಂದೆ ನಿಂತು, ಮೂತಿಯೊಳಗೆ ಕಬ್ಬಿಣದ ಹ್ಯಾಂಡಲ್ ತೂರಿಸಿ ಗರಗರ ತಿರುಗಿಸಿದರೇ ಎಂಜಿನ್ ಎಚ್ಚರಾಗುತ್ತಿತ್ತು. ಇಂಡಿಗೆ ಬಂದವರು ಯಾರೇ ಇರಲಿ, ಮೊದಲು ತಮ್ಮ ಹ್ಯಾಂಡಲ್ ತಂದು ಚಾಚಾ ಅವರ ಹೊರಸಿನ ಕೆಳಗೆ ಇಡಬೇಕು. ಬಂದ ಕ್ರಮದಲ್ಲಿ ಹ್ಯಾಂಡಲ್, ಹ್ಯಾಂಡಲಿನ ಕ್ರಮದಲ್ಲಿ ಪಾಳಿ. ಪಾಳಿ ಬಂದಾಗ ಅವರು ಬಗ್ಗಿ, ಹೆಬ್ಬೆರಳು ತೋರಿಸಿದ ಹ್ಯಾಂಡಲನ್ನು ಎತ್ತಿ, ಅದರ ಧಣಿಯ ಕೈಗೇ ಕೊಡುತ್ತಿದ್ದರು. ಒಂದು ದಿನವೂ ಅದಲುಬದಲಾದದ್ದಿಲ್ಲ. ಒಂದರಂತೆ ಇನ್ನೊಂದಿರುವ ಆ ಕಬ್ಬಿಣದಲ್ಲಿ ಅವರಿಗೆ ಏನು ಗುರುತು ಸಿಗುತ್ತಿತ್ತೋ, ಅದೂ ನನಗೆ ಗೊತ್ತಾಗಲಿಲ್ಲ.

ನಾನು ಮೊದಲ ಸಲ ಹೋದಾಗ ಇದನ್ನು ಕಂಡು ಸಿಟ್ಟಾಗಿದ್ದೆ. "ಚಾಚಾ, ನಾವು ಪೂಜಿ ಮಾಡೂ ಸಾಮಾನ್ರಿ ಅದು. ಕಾಲಿಲೆ ಮುಟ್ತೀರಲ್ಲ," ಎಂದೆ. ಆ ವರ್ಷ ದಸರೆಯಲ್ಲಿ ಹತಾರಗಳನ್ನು ಪೂಜಿಸುವ ಖಂಡೆಪೂಜೆಯ ದಿನ ಹೋಗಿ ನೋಡಿದರೆ ಚಾಚಾ ಹೊರಸಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ದಿನವಿಡೀ ಕಾಲು ಕೆಳಗೆ ಬಿಡಲಿಲ್ಲ. ಸಂಜೆ ಎದ್ದು ನಿಲ್ಲಲು ಇಬ್ಬರು ಹಿಡಿಯಬೇಕಾಯಿತು. ಮರುದಿನ ಬೆಳಿಗ್ಗೆ ಮತ್ತೆ ಅದೇ ಹೆಬ್ಬೆರಳು, ಅದೇ ಹ್ಯಾಂಡಲ್.

ನನ್ನ ಲಾರಿ ನನ್ನದೊಬ್ಬನದಾಗಿರಲಿಲ್ಲ. ನಮ್ಮದು ಹೂವಿನ ಹಿಪ್ಪರಗಿ. ಮನೆಯಲ್ಲಿ ತಲೆತಲಾಂತರದ ಎಣ್ಣೆಗಾಣವಿತ್ತು. ಗಿರಣಿ ಎಣ್ಣೆ ಬಂದ ಮೇಲೆ ಗಾಣ ಸುಮ್ಮನೆ ನಿಂತಿತು. ಗಾಣ, ಅದನ್ನು ತಿರುಗಿಸುತ್ತಿದ್ದ ಎತ್ತು ಎಲ್ಲ ಮಾರಿ ಅಪ್ಪ ನನಗೆ ಈ ಗಾಡಿ ಕೊಡಿಸಿದ. ಇಬ್ಬರು ತಮ್ಮಂದಿರು, ಒಬ್ಬ ತಂಗಿ, ಅಪ್ಪ, ಅವ್ವ ಎಲ್ಲರೂ ಅದರ ಮೇಲೆಯೇ. ಅಪ್ಪ ಆಗಾಗ ಲಾರಿಯ ಸುತ್ತ ಒಂದು ಸುತ್ತು ಹಾಕಿ, "ಇದು ಎತ್ತಿನಕಿಂತ ಹೆಚ್ಚ ತಿಂತೈತಿ, ಸಗಣಿನೂ ಹಾಕಂಗಿಲ್ಲ," ಅನ್ನುತ್ತಿದ್ದ. ಗಾಡಿ ಹೋದರೆ ಮನೆ ಹೋದಂತೆ. ಇದು ಚಾಚಾ ಅವರಿಗೂ ಗೊತ್ತಿತ್ತು. ಬಾಡಿಗೆ ಮಾತಾಡುವ ಮೊದಲು "ನಿಮ್ಮಪ್ಪ ಹ್ಯಾಂಗದಾನ? ಊಟಾ ಮಾಡಿಯೇನು?" ಎಂದು ಕೇಳದೆ ಅವರು ಮುಂದೆ ಹೋದವರಲ್ಲ.

ಇಷ್ಟು ಕಕುಲಾತಿಯ ಮನುಷ್ಯ ವ್ಯಾಪಾರಿಯ ಎದುರಿಗೆ ಮಾತ್ರ ನನ್ನ ಮಾನ ಕಳೆಯುತ್ತಿದ್ದರು. ಸಿಂದಗಿಯ ಒಬ್ಬ ಹತ್ತಿ ವ್ಯಾಪಾರಿ ಗಾಡಿ ಕೇಳಿ ಬಂದಾಗ ನನ್ನ ಕಡೆ ಕೈ ತೋರಿಸಿ, "ಈ ಗಾಡಿ ಏರಿನಾಗ ದಮ್ಮ ಹತ್ತಿ ನಿಂದರತೈತ್ರಿ. ಮಾಲೀಕಾ ಹೆದರೂ ಪೈಕಿ. ಬೇಕಾದ್ರ ಒಯ್ಯಿರಿ," ಎಂದರು. ನನಗೆ ನೆಲ ಬಾಯಿ ಬಿಟ್ಟರೆ ಸಾಕು ಅನಿಸಿತು. ವ್ಯಾಪಾರಿ ನನ್ನನ್ನೇ ಗೊತ್ತುಮಾಡಿಕೊಂಡು ಹೋದ! ಯಾಕೆ ಹಾಗೆ ಅಂದಿರಿ ಎಂದು ಆಮೇಲೆ ಕೇಳಿದರೆ, "ಖೋಡಿ ಮೊದಲ ಹೇಳಿದ್ರ ಆಮ್ಯಾಲೆ ಜಗಳಿಲ್ಲ," ಎಂದರು. ಸರಿಯೇ. ಆದರೆ ವ್ಯಾಪಾರಿಯ ಕುಂದನ್ನೂ ನನಗೆ ಮೊದಲೇ ಹೇಳಬಹುದಿತ್ತಲ್ಲ. ಆ ಹತ್ತಿ ಇಳಿಸಿಕೊಳ್ಳಲು ಅವನು ನನ್ನನ್ನು ಮಧ್ಯಾಹ್ನದವರೆಗೆ ಬಿಸಿಲಲ್ಲಿ ನಿಲ್ಲಿಸಿದ.

ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದ್ದು ಅದೇ ಕಾಲದಲ್ಲಿ. ಸೊಲ್ಲಾಪುರ ಅತ್ತಲೇ ಉಳಿಯಿತು. ಇಂಡಿಯವರಿಗೆ ಸೊಲ್ಲಾಪುರವೆಂದರೆ ಮನೆಯ ಪಡಸಾಲೆ ಇದ್ದಂತೆ; ಅದು ಪರರಾಜ್ಯವಾಯಿತು ಎಂದರೆ ಯಾರಿಗೆ ಅರ್ಥವಾಗಬೇಕು? ಹಳೆಯ ಪರ್ಮಿಟ್ ನಡೆಯುತ್ತದೆ ಎಂದು ಒಬ್ಬ ಗುಮಾಸ್ತ ಹೇಳಿದರೆ, ನಡೆಯುವುದಿಲ್ಲ ಎಂದು ಪಕ್ಕದ ಮೇಜಿನವನು ಹೇಳುತ್ತಿದ್ದ. ಭೀಮಾ ನದಿಯ ಹತ್ತಿರದ ತಪಾಸಣೆ ನಾಕಾದಲ್ಲಿ ಬೆಳಿಗ್ಗೆ ಇದ್ದವನು ಬಿಟ್ಟರೆ ಸಂಜೆ ಬಂದವನು ತಡೆಯುತ್ತಿದ್ದ. ತಡೆದವನಿಗೂ ಯಾಕೆ ತಡೆದೆನೆಂಬುದು ಸರಿಯಾಗಿ ಗೊತ್ತಿರಲಿಲ್ಲ.

ಆ ಗೊಂದಲದಲ್ಲೇ ಸೊಲ್ಲಾಪುರದ ಒಂದು ಎಣ್ಣೆ ಗಿರಣಿಯ ಏಜೆಂಟ ಇಂಡಿಗೆ ಬಂದ. ಶೇಂಗಾ ಸುಗ್ಗಿ ಮುಗಿಯುವವರೆಗೆ ಮಾಲು ಸಾಗಿಸಲು ಒಂದು ಗಾಡಿ ಬೇಕಂತೆ. ಕರಾರು ಪತ್ರ ಮಾಡಿ, ದಿನವೂ ತಪ್ಪದೆ ಬಾಡಿಗೆ. ಪಾಳಿ ಕಾಯುವುದಿಲ್ಲ, ದಲಾಲಿ ಕೊಡುವುದಿಲ್ಲ. ನನಗೆ ಕೈಗೆ ಚಂದ್ರ ಸಿಕ್ಕಂತಾಯಿತು. ಕರಾರಿನ ಒಂದು ಪ್ರತಿ ಕೊಟ್ಟು, ಸೊಲ್ಲಾಪುರಕ್ಕೆ ಗಾಡಿ ತಂದು ಸಹಿ ಮಾಡು ಎಂದು ಹೇಳಿ ಅವನು ಹೋದ.

ಕಾಗದ ಅರ್ಧ ಮರಾಠಿ, ಅರ್ಧ ಇಂಗ್ಲಿಷ್. ಕನ್ನಡ ಸಾಲೆ ಕಲಿತ ನಾನು ಮರಾಠಿಯನ್ನು ತಡವರಿಸಿ ಓದುತ್ತಿದ್ದೆ, ಇಂಗ್ಲಿಷಿನ ಮುಂದೆ ಕೈ ಮುಗಿಯುತ್ತಿದ್ದೆ. ಚಾಚಾ ಅವರಿಗೆ ಯಾವ ಅಕ್ಷರವೂ ಬರುತ್ತಿರಲಿಲ್ಲ. ಆದರೂ ಅವರನ್ನು ಬಿಟ್ಟು ಹೋಗಲು ಮನಸ್ಸಾಗಲಿಲ್ಲ; ಹೊರಸಿನ ಪಕ್ಕ ಕೂತು ಗೊತ್ತಾದಷ್ಟನ್ನು ಓದಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ದಾರಿಯಲ್ಲಿ ಯಾವ ಅಡ್ಡಿ ಬಂದರೂ ಮಾಲು ಮುಟ್ಟಿಸುವ ಹೊಣೆ ಗಾಡಿಯ ಮಾಲೀಕನದು, ತಪ್ಪಿದರೆ ಗಾಡಿಯೇ ಜಾಮೀನು ಎಂಬಂಥ ಒಂದು ಸಾಲಿತ್ತು. ಅದರ ಮುಂದಿನದು ಇಂಗ್ಲಿಷ್.

"ತಿಳೀತೇನು?" ಎಂದು ಕೇಳಿದರು.

"ನನಗೇನೂ ತಿಳೀವಲ್ದು ಚಾಚಾ," ಎಂದೆ.

"ಹ್ಞೂಂ," ಎಂದರು. ಅಷ್ಟೇ. ಅಷ್ಟರಲ್ಲಿ ನಾಲತವಾಡದವನು ಬಂದ. ಅವನೂ ನನ್ನಂತೆಯೇ ಒಂದೇ ಲಾರಿಯ ಮಾಲೀಕ, ನನ್ನ ಓರಗೆಯವನು. ಕಾಗದವನ್ನು ಕಸಿದುಕೊಂಡು ಮೇಲಿಂದ ಕೆಳಗೆ ಒಮ್ಮೆ ನೋಡಿ, "ತಿಳೀತ್ ಬಿಡ. ಇದರಾಗೇನೈತಿ?" ಎಂದು ಮಡಚಿ ನನ್ನ ಕಿಸೆಗೆ ತುರುಕಿದ.

ಮರುದಿನ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಸೊಲ್ಲಾಪುರಕ್ಕೆ ಹೊರಟೆ. "ಚಾಚಾ, ನನ್ನ ಹ್ಯಾಂಡಲ್ ಕೊಡ್ರಿ. ಬರ್ತೇನಿ."

"ನಿನ್ನ ಪಾಳಿ ಬಂದಿಲ್ಲ."

ನಾನು ಲೋಡು ಕೇಳಿರಲಿಲ್ಲ, ಪಾಳಿಯ ಮಾತೇ ಇರಲಿಲ್ಲ. ಮೇಲಾಗಿ ನನ್ನದೇ ಮೊದಲ ಹ್ಯಾಂಡಲ್. ಬಗ್ಗಿ ನೋಡಿದರೆ ಸಾಲು ಕಂಡಿತೇ ಹೊರತು, ಅದು ಯಾವ ತುದಿಯಿಂದ ಶುರು, ನನ್ನದು ಯಾವುದು ಎಂದು ತಿಳಿಯಲಿಲ್ಲ. ಚಾಚಾ ಹೆಬ್ಬೆರಳಿನಿಂದ ಒಂದನ್ನು ಹಿಂದಕ್ಕೆ ಸರಿಸಿದರು. ಬೇಡಿಕೊಂಡೆ, ಬಯ್ದೆ. ಮಧ್ಯಾಹ್ನ ಮತ್ತೆ ಹೋದೆ. "ಪಾಳಿ ಅಂದ್ರ ಪಾಳಿ." ಗಾಡಿ ದಬ್ಬಿ ಸ್ಟಾರ್ಟ್ ಮಾಡೋಣವೆಂದು ಅಲ್ಲಿದ್ದ ಡ್ರೈವರುಗಳನ್ನು ಕರೆದೆ. ಒಬ್ಬ ಬೀಡಿ ಹಚ್ಚಿದ, ಒಬ್ಬ ಟೈರಿನ ಗಾಳಿ ನೋಡಿದ, ಒಬ್ಬ ಬೇವಿನ ಮರವನ್ನೇ ಹೊಸದಾಗಿ ಕಂಡವನಂತೆ ನೋಡುತ್ತ ನಿಂತ. ಪಾಳಿ ಮುರಿದು ಗಾಡಿ ದಬ್ಬುವ ಗಂಡಸು ಇಂಡಿಯಲ್ಲಿ ಹುಟ್ಟಿರಲಿಲ್ಲ.

ಸಂಜೆಗೆ ನಾಲತವಾಡದವನು ಬಂದು ಹ್ಯಾಂಡಲ್ ಕೇಳಿದ. ಅವನದು ಸಾಲಿನ ಕಟ್ಟಕಡೆಯದು. ಚಾಚಾ ತಲೆ ಎತ್ತದೆ ತೆಗೆದು ಕೊಟ್ಟರು. ಅವನು ನೇರ ಸೊಲ್ಲಾಪುರಕ್ಕೆ ಹೋಗಿ ನನ್ನ ಕರಾರಿಗೆ ತನ್ನ ಸಹಿ ಹಾಕಿದ.

ಸುದ್ದಿ ಬಂದ ದಿನ ನಾನು ಬೀದಿಯಲ್ಲಿ ನಿಂತು ಆಡಿದ ಮಾತನ್ನು ಬರೆಯಲಾರೆ. ದಲಾಲಿ ತಪ್ಪುತ್ತದೆಂದು ನನ್ನನ್ನು ಹಿಡಿದಿಟ್ಟರು, ಅವನಿಂದ ಏನೋ ತಿಂದು ಬಿಟ್ಟುಕೊಟ್ಟರು ಎಂದು ಊರು ಕೇಳುವಂತೆ ಕೂಗಿದೆ. ಚಾಚಾ ಕೇಳಿಸಿಕೊಂಡು, ಪಕ್ಕದ ಅಂಗಡಿಯಿಂದ ಚಹಾ ತರಿಸಿ, ಒಂದು ಬಟ್ಟಲು ನನ್ನ ಕಡೆ ಸರಿಸಿದರು. ಸಿಟ್ಟಿನಲ್ಲೇ ಕುಡಿದೆ. ಮರುದಿನ ಹ್ಯಾಂಡಲ್ ಕೊಟ್ಟು, ಮುದ್ದೇಬಿಹಾಳಕ್ಕೆ ಜೋಳದ ಚೀಲ ಹೊರಿಸಿ ಕಳಿಸಿದರು. ಅಲ್ಲಿಂದ ಮುಂದೆ ನನಗೆ ಸಿಕ್ಕಿದ್ದೆಲ್ಲ ಇಂಥವೇ ಬಾಡಿಗೆ: ಸಿಂದಗಿಗೆ ಬೀಜ, ಬಾಗೇವಾಡಿಗೆ ಉಪ್ಪು, ಮುಂದೆ ಆಲಮಟ್ಟಿಯ ಆಣೆಕಟ್ಟಿನ ಕೆಲಸ ಹಿಡಿದಾಗ ಅಲ್ಲಿಗೆ ಕಲ್ಲು. ವಾರಕ್ಕೊಮ್ಮೆ ಊರು ಮುಟ್ಟುತ್ತಿದ್ದೆ. ಅಪ್ಪ ಗಾಡಿ ಸುತ್ತ ಸುತ್ತು ಹಾಕುತ್ತಿದ್ದ.

ಅತ್ತ ನಾಲತವಾಡದವನ ಗಾಡಿಯನ್ನು ನಾಕಾದಲ್ಲಿ ತಡೆದರು. ಬಿಟ್ಟರು, ಮತ್ತೆ ತಡೆದರು. ಶೇಂಗಾ ಮುಟ್ಟಲಿಲ್ಲ. ಕರಾರಿನ ಪ್ರಕಾರ ಗಿರಣಿಯವರು ಗಾಡಿಯನ್ನು ತಮ್ಮ ಅಂಗಳದಲ್ಲಿ ನಿಲ್ಲಿಸಿಕೊಂಡರು. ಅವನು ಬಸ್ಸಿನಲ್ಲಿ ಊರಿಗೆ ಬಂದ. ಆ ಗಾಡಿಯ ಜಾಗದಲ್ಲಿ ನಮ್ಮ ಗಾಣದ ಗಾಡಿ ಇರಬೇಕಾಗಿತ್ತು. ಚಾಚಾ ಎಲ್ಲ ಬಲ್ಲವರು, ದೇವರಂಥವರು ಎಂದು ಕೆನ್ನೆ ಕೆನ್ನೆ ಬಡಿದುಕೊಂಡೆ.

ಕಥೆ ಅಲ್ಲಿಗೇ ಮುಗಿದಿದ್ದರೆ ನನ್ನ ತಲೆ ಹಗುರಾಗುತ್ತಿತ್ತು. ಆದರೆ ಒಂದೆರಡು ಸುಗ್ಗಿ ಕಳೆದ ಮೇಲೆ ಅದೇ ನಾಲತವಾಡದವನು, ಹೇಗೆ ಒಲಿಸಿಕೊಂಡನೋ ಏನೋ, ಆ ಏಜೆಂಟನ ಜೊತೆ ಪಾಲುದಾರನಾಗಿ, ಹೊಸ ದೊಡ್ಡ ಗಾಡಿ ಹೊಡೆದುಕೊಂಡು, ಕೈಗೆ ಗಡಿಯಾರ ಕಟ್ಟಿಕೊಂಡು ಇಂಡಿಗೆ ಬಂದ. ಬಟನ್ ಒತ್ತಿದರೆ ಏಳುವ ಗಾಡಿ. ಆದರೂ ಹ್ಯಾಂಡಲ್ ತಂದು ಹೊರಸಿನ ಕೆಳಗೆ ಇಟ್ಟ. ನಾನು ಅತ್ತ ಅವನನ್ನೂ ಇತ್ತ ಚಾಚಾ ಅವರನ್ನೂ ನೋಡಿದೆ. ಇವರು ನನ್ನನ್ನು ಉಳಿಸಿದರೋ, ಮೇಲೇಳದಂತೆ ಹಿಡಿದಿಟ್ಟರೋ? ರಸ್ತೆಯಲ್ಲಿ ಒಬ್ಬನೇ ಹೋಗುವಾಗ ಎಷ್ಟೋ ಸಲ ಎರಡೂ ಕಡೆ ವಕಾಲತ್ತು ಮಾಡಿದ್ದೇನೆ. ತೀರ್ಪು ಸಿಗಲಿಲ್ಲ.

ಕೊನೆಕೊನೆಗೆ ಚಾಚಾ ಅವರಿಗೆ ದಮ್ಮು ಹೆಚ್ಚಾಯಿತು. ಪೇಟೆಗೆ ನಡೆಯಲಾಗದೆ ಹೊರಸು ಅವರ ಮನೆಯ ಕಟ್ಟೆಗೆ ಬಂತು, ಹಿಂದೆಯೇ ನಮ್ಮ ಹ್ಯಾಂಡಲುಗಳೂ ಬಂದವು. ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ನಾವಿಬ್ಬರೇ ಇದ್ದಾಗ ಕೇಳಿಯೇಬಿಟ್ಟೆ.

"ಚಾಚಾ, ಆವತ್ತ ನನ್ನ ಹ್ಯಾಂಡಲ್ ಯಾಕ ಇಟಗೊಂಡ್ರಿ? ನಾಕಾದಾಗ ಹಿಂಗಾಗತೈತಿ ಅಂತ ಗೊತ್ತಿತ್ತೇನ್ರಿ?"

ಅವರು ಕಷ್ಟಪಟ್ಟು ಉಸಿರು ಎಳೆದುಕೊಂಡರು. "ನನಗೇನ್ ಗೊತ್ತಿರತೈತೋ ತಮ್ಮಾ. ನನಗ ಆ ಕಾಗದಾನ ತಿಳೀಲಿಲ್ಲ."

"ಮತ್ತ ನಾಲತವಾಡದಾಂವಗ ಕೊಟ್ರಿ?"

"ಅಂವ ತಿಳೀತು ಅಂದ. ತಿಳೀತು ಅಂದಾಂವಗ ನಾ ಏನ್ ಹೇಳ್ಲಿ? ನೀ ತಿಳೀವಲ್ದು ಅಂದಿ. ನನಗೂ ತಿಳೀಲಿಲ್ಲ. ಇಬ್ಬರಿಗೂ ತಿಳೀಲಾರದಕ್ಕ ನಿಮ್ಮಪ್ಪನ ಗಾಡಿ ಹ್ಯಾಂಗ ಬಿಡ್ಲಿ?"

ಇಷ್ಟು ವರ್ಷ ಇವರು ಜಾಣರೋ, ಮೋಸಗಾರರೋ ಎಂದು ತೂಗುತ್ತ ಬಂದಿದ್ದೆ. ನನ್ನಷ್ಟೇ ದಿಕ್ಕು ತೋಚದ ಒಬ್ಬ ಮನುಷ್ಯ ನನಗಾಗಿ ಹೆದರಿದ್ದರೆಂಬುದು ನನ್ನ ತಕ್ಕಡಿಯಲ್ಲೇ ಇರಲಿಲ್ಲ. ಅಳು ಬಂತು. ಅವರು ನನ್ನನ್ನು ನೋಡಿ, "ಊಟಾ ಮಾಡಿಯೇನು?" ಎಂದರು.

ಅವರು ತೀರಿಕೊಂಡ ದಿನ ಮುದ್ದೇಬಿಹಾಳ, ಸಿಂದಗಿ, ಬಾಗೇವಾಡಿ ಕಡೆಯ ಗಾಡಿಗಳೆಲ್ಲ ಇಂಡಿಯಲ್ಲೇ ಇದ್ದವು. ಜನಾಜಾಕ್ಕೆ ಹೆಗಲು ಕೊಡುವಾಗ ಯಾರೂ ಪಾಳಿ ನೋಡಲಿಲ್ಲ. ಒಬ್ಬರನ್ನೊಬ್ಬರು ತಳ್ಳಿ, ಮುಂದೆ ನುಗ್ಗಿ, ಹೊತ್ತೆವು. ಮಣ್ಣು ಕೊಟ್ಟು ತಿರುಗಿ ಬಂದಾಗ ಚಾಚಿ ಬಾಗಿಲ ಪರದೆಯ ಹಿಂದಿನಿಂದ, "ನಿಮ್ಮ ನಿಮ್ಮ ಹ್ಯಾಂಡಲ್ ಒಯ್ಯಿರೆಪ್ಪಾ," ಎಂದರು.

ಹೊರಸು ಸರಿಸಿದೆವು. ಸಾಲು ಹಾಗೆಯೇ ಇತ್ತು. ಎಲ್ಲರೂ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ಎತ್ತಿ, ತಿರುವಿ, ಮತ್ತೆ ಕೆಳಗಿಟ್ಟೆವು. ದಿನವೂ ಹಿಡಿದ ಕಬ್ಬಿಣ. ಆದರೆ ಅದನ್ನು ಗುರುತಿಸಿ ಕೈಗೆ ಕೊಡಲು ಯಾವಾಗಲೂ ಅವರು ಇರುತ್ತಿದ್ದರು.

ನನ್ನದರಂಥ ಹಳೆಯ ಮಿಲಿಟರಿ ಗಾಡಿಯ ಒಂದು ಹ್ಯಾಂಡಲನ್ನು ನಾಲತವಾಡದವನು ಎತ್ತಿ ನನ್ನ ಮುಂದೆ ಹಿಡಿದ. "ಇದು ನಿಂದೇನೋ?"

"ತಿಳೀವಲ್ದು," ಎಂದೆ.

ಅವನು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ಖಾಲಿ ಹೊರಸಿನ ಕಡೆ ನೋಡಿದ. "ನನಗೂ ತಿಳೀವಲ್ದು," ಎಂದ.