ಮೀನಿನ ಕುಲ

ಗೋಡೆಗೆ ಮೊಳೆ ಹೊಡೆಯುವುದು ಸುಲಭ. ಅದಕ್ಕೆ ಏನನ್ನು ನೇತುಹಾಕಬೇಕೆಂದು ಮನೆಮಂದಿಯನ್ನೆಲ್ಲ ಒಪ್ಪಿಸುವುದು ಮಾತ್ರ ಬ್ರಹ್ಮನಿಗೂ ಅಸಾಧ್ಯ. ಮಧುಗಿರಿಯ ನಮ್ಮ ನಡುಮನೆಯಲ್ಲಿ, ಸಭ್ಯರು ದೇವರನ್ನೋ ಹಿರಿಯರನ್ನೋ ತೂಗುಹಾಕುವ ಜಾಗದಲ್ಲಿ, ಜಿಫ್ಯಾಕ್ಟಿನಸ್ ಎಂಬ ಮೀನು ಹಲ್ಲು ಕಿರಿಯುತ್ತಿತ್ತು. ಡೈನೋಸಾರ್ ಕಾಲದ ಈ ಕಡಲ ಬೇಟೆಗಾರ, ದೊಡ್ಡ ಮೀನೊಂದನ್ನು ಇಡಿಯಾಗಿ ನುಂಗಿ, ಅದು ಅರಗುವ ಮೊದಲೇ ತಾನೂ ಸತ್ತು, ಊಟದ ಸಮೇತ ಕಲ್ಲಾಗಿ ಸಿಕ್ಕಿದೆಯಂತೆ. ಭೂವಿಜ್ಞಾನ ಓದಿದ ಮಗಳು ಅದರ ಚಿತ್ರ ಬರೆದು, ಶಿರಾದಲ್ಲಿ ಕಟ್ಟು ಹಾಕಿಸಿ ತಂದಿದ್ದಳು. ಬಂದವರಿಗೆಲ್ಲ ವಿವರಣೆ ಕೊಡುವ ಶಿಕ್ಷೆ ಮಾತ್ರ ನನಗೆ. ಎಲ್ಲ ಕೇಳಿಸಿಕೊಂಡು, ಸಾರಿಗೆ ರುಚಿಯಾಗಿರುತ್ತದೆಯೇ ಎಂದು ವಿಚಾರಿಸದವರು ಒಬ್ಬರೂ ಇಲ್ಲ.

ಇಂಥ ಮನೆಗೆ, ಮಗಳು ತಾನೇ ಮೆಚ್ಚಿದ ಹುಡುಗನ ಕಡೆಯವರು ವಳ್ಳೂರಿನಿಂದ ಮಾತುಕತೆಗೆ ಬಂದರು. ಮಧ್ಯಸ್ಥರಿಲ್ಲದ ಸಂಬಂಧ, ಕುಲ ವಿಚಾರಿಸುವ ಹೊಣೆ ಹುಡುಗನ ತಾತನದು. ನಮ್ಮಲ್ಲಿ ಒಂದೇ ಕುಲದವರೆಂದರೆ ಅಣ್ಣತಮ್ಮಂದಿರ ಲೆಕ್ಕ, ಹೆಣ್ಣು ಕೊಟ್ಟು ತರುವಂತಿಲ್ಲ. ತಾತ ಚಿತ್ರವನ್ನೇ ದಿಟ್ಟಿಸುತ್ತ ಯಾವ ಕುಲವೆಂದು ಕೇಳಿದರು. ಜೀವಿಗಳ ವರ್ಗೀಕರಣದಲ್ಲೂ ಅದೇ ಪದವಿರುವುದು ನನ್ನ ಗ್ರಹಚಾರ. ವಿವರಿಸಿ ವಿವರಿಸಿ ಬಾಯಿಪಾಠ ಮಾಡಿಕೊಂಡಿದ್ದ ನಾನು, ಮೀನಿನ ಕುಲ, ವಂಶವೇ ನಿರ್ನಾಮವಾಗಿದೆ ಎಂದುಬಿಟ್ಟೆ.

ತಾತ ಕಾಫಿ ಲೋಟ ಕೆಳಗಿಟ್ಟರು. "ನಮ್ದೂ ಮೀನಿನ ಕುಲವೇ ಕಣಪ್ಪಾ. ಅಣ್ಣ ತಂಗಿ ಆಗೋದ್ರಲ್ಲ."

ಬಾಗಿಲಲ್ಲಿದ್ದ ಮಗಳ ಮುಖ ಬಿಳಿಚಿತು. ನಮ್ಮದು ಆಲದ ಕುಲ, ನಿರ್ನಾಮವಾದದ್ದು ಗೋಡೆಯ ಮೇಲಿನದು ಎಂದು ನಾನು ಗೋಗರೆದಷ್ಟೂ, ಹೆಣ್ಣು ದಾಟಿಸಲು ಕುಲವನ್ನೇ ಬದಲಿಸುವ ಆಸಾಮಿ ಎಂಬ ಅನುಮಾನ ಅವರಲ್ಲಿ ಬಲಿಯಿತು. ಅವರು ಚಪ್ಪಲಿ ಹುಡುಕತೊಡಗಿದರು. ನನ್ನ ಪಾಂಡಿತ್ಯಕ್ಕಿಷ್ಟು ಬೆಂಕಿ ಬೀಳಲಿ ಎಂದುಕೊಂಡೆ. ಆಗ ನನ್ನ ಹೆಂಡತಿ, ಬೀಗರಿಗೆ ಕಾಣದಂತೆ ಬಚ್ಚಿಟ್ಟಿದ್ದ ಹಿಂದಿನ ದಿನದ ಮೀನುಸಾರಿನ ಪಾತ್ರೆಯನ್ನು ತಂದು ತಾತನ ಮುಂದೆ ಕುಕ್ಕಿದಳು.

"ಮೀನಿನ ಕುಲ್ದೋರು ಮೀನು ಮುಟ್ಟಲ್ಲ ತಾನೇ? ಇದ್ನ ನೋಡಿ, ಆಮೇಲೆ ಹೋಗಿ."

ತಾತ ಇಣುಕಿದರು, ಮೂಗಿಗೆ ಟವೆಲ್ ಒತ್ತಿಕೊಂಡರು, ಸಮಾಧಾನದಿಂದ ಮತ್ತೆ ಕೂತರು. ನನ್ನ ಶಬ್ದಸಂಪತ್ತಿನಿಂದ ಮುರಿದ ಮದುವೆ ಹೀಗೆ ತಂಗಳು ಸಾರಿನಿಂದ ಕೂಡಿತು.

ಮಗಳು ಗಂಡನ ಮನೆಗೆ ಹೋಗುವಾಗ ಚಿತ್ರವನ್ನೂ ಒಯ್ದಳು. ಮೊನ್ನೆ ಫೋನ್ ಮಾಡಿದ್ದಳು: "ತಾತ ಅದನ್ನ ದೇವರಮನೇಲಿ ಇಟ್ಟು ದಿನಾ ಕುಂಕುಮ ಹಚ್ತಾರಪ್ಪ. ಭಾನುವಾರ ಬರ್ತೀನಿ, ಸಾರು ಮಾಡ್ಸು."

ಮೊಳೆ ಈಗ ಖಾಲಿ. ಹೆಂಡತಿ ಅದಕ್ಕೆ ಕ್ಯಾಲೆಂಡರ್ ಹಾಕಲು ಬಂದಾಗೆಲ್ಲ, ಬೇಡವೆಂದು ರೇಗುತ್ತಿರುವವನು ನಾನೇ.